ರಜೆಯಲ್ಲಿ ಗಾಳ: ಯಾವ ಕೋಲು, ಯಾವ ನೀರು, ಯಾವ ಮೀನು?

ಸಹೋದರಿಯರೇ, ಪರೀಕ್ಷೆ ಮುಗಿದು ಏಪ್ರಿಲ್ ಬಂತೆಂದರೆ ಮನೆಯ ಹುಡುಗರ ಬೇಡಿಕೆಗಳ ಪಟ್ಟಿ ಉದ್ದವಾಗುತ್ತದೆ. ಬ್ಯಾಟು, ಸೈಕಲ್ಲು, ಹೊಸ ಮೊಬೈಲು. ಈಗ ಕೆಲವು ವರ್ಷಗಳಿಂದ ಆ ಪಟ್ಟಿಗೆ ಮೀನು ಹಿಡಿಯುವ ರಾಡು ಕೂಡಾ ಸೇರಿಕೊಂಡಿದೆ. ಅಮೆರಿಕದ ಯಾವುದೋ ಕೆರೆಯ ದಡದಲ್ಲಿ ನಿಂತು ಒಬ್ಬಾತ ಪ್ಲಾಸ್ಟಿಕ್ ಕಪ್ಪೆ ಎಸೆದು, 'ಬಾಸ್' ಎಂಬ ದಪ್ಪ ಬಾಯಿಯ ಮೀನನ್ನು ಎಳೆಯುವ ವಿಡಿಯೋವನ್ನು ಹುಡುಗ ಹತ್ತು ಸಲ ನೋಡಿರುತ್ತಾನೆ. "ಅಮ್ಮೀ, ನನಗೂ ಒಂದು ಕೊಡಿಸು" ಎಂದು ದುಂಬಾಲು ಬೀಳುತ್ತಾನೆ. ನೀವು ಬೇಡವೆಂದರೆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಗೆಳೆಯನ ಗಾಳ ಹಿಡಿದು, ನಿಮಗೆ ಹೇಳದೆ, ನಿಮಗೆ ಗೊತ್ತಿಲ್ಲದ ನೀರಿಗೆ ಹೋಗುತ್ತಾನೆ. ಅದಕ್ಕಿಂತ ಯಾವ ಕೋಲು ಕೊಡಿಸಬೇಕು, ಯಾವ ನೀರಿಗೆ ಕಳುಹಿಸಬೇಕು, ಎಷ್ಟು ಹೊತ್ತಿಗೆ ಮನೆಗೆ ಬರಬೇಕು ಎಂಬುದನ್ನು ತಾಯಿಯೇ ತಿಳಿದು ನಿರ್ಧರಿಸುವುದು ಲೇಸಲ್ಲವೇ? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಓದುಗ ಸಹೋದರಿಯರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಸಲದ ಅಂಕಣ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು ಹುಡುಗನಿಗೆ ತಿಳಿಹೇಳಿ. ಆ ಬಾಸ್ ಮೀನು ಉತ್ತರ ಅಮೆರಿಕದ್ದು. ತುಂಗಭದ್ರೆಯಲ್ಲಾಗಲಿ, ನಮ್ಮ ಕೆರೆಗಳಲ್ಲಾಗಲಿ ಅದು ಸಿಗುವುದಿಲ್ಲ. ಆದರೆ ಅದರ ಸ್ವಭಾವವೇ ಇರುವ ಮೀನೊಂದು ನಮ್ಮಲ್ಲಿದೆ. ಆಂಧ್ರ, ತೆಲಂಗಾಣದ ಕಡೆಯಿಂದ ಬಂದ ಮಾತಿನಲ್ಲಿ ಅದು ಕೊರ್ರಮೀನು. ಹಳೇ ಮೈಸೂರಿನ ಕಡೆ ಕೊರವ ಎನ್ನುತ್ತಾರೆ, ಕುಚ್ಚು ಮೀನು ಎನ್ನುವವರೂ ಇದ್ದಾರೆ. ಇಂಗ್ಲಿಷ್ ಬಲ್ಲವರು ಮುರೆಲ್ ಎನ್ನುತ್ತಾರೆ. ಪಕ್ಕದ ತೆಲಂಗಾಣ ಇದನ್ನು ತನ್ನ ರಾಜ್ಯ ಮೀನೆಂದೇ ಘೋಷಿಸಿಕೊಂಡಿದೆ. ತಲೆ ಹಾವಿನ ಹಾಗೆ ಚಪ್ಪಟೆ, ಮೈ ಉದ್ದ ಕೊಳವೆಯಂತೆ, ಬಾಯಿ ತುಂಬಾ ಚೂಪು ಹಲ್ಲು. ಕಿವಿರಿನ ಮೇಲ್ಭಾಗದಲ್ಲಿ ಗಾಳಿಯನ್ನೇ ಉಸಿರಾಡುವ ಅಂಗವೊಂದನ್ನು ಅಲ್ಲಾಹನು ಅದಕ್ಕೆ ಕೊಟ್ಟಿದ್ದಾನೆ. ಹಾಗಾಗಿ ಅದು ಆಗಾಗ ಮೇಲಕ್ಕೆ ಬಂದು ಗಾಳಿ ಗುಟುಕರಿಸಿ ಹೋಗುತ್ತದೆ. ಕೆಸರು ನೀರಿನಲ್ಲೂ ಬದುಕುತ್ತದೆ. ಸಂತೆಯಲ್ಲಿ ಬುಟ್ಟಿಯೊಳಗೆ ಗಂಟೆಗಟ್ಟಲೆ ಜೀವಂತವಾಗಿರುತ್ತದೆ. ಕಮಲದೆಲೆ, ಜೊಂಡು, ಬೇರುಗಳ ನಡುವೆ ಅಡಗಿ ಕುಳಿತು ಕಪ್ಪೆ, ಸಣ್ಣ ಮೀನು ಹಾದುಹೋದರೆ ಒಮ್ಮೆಲೇ ಎರಗುತ್ತದೆ. ಬಾಸ್‌ಗೆಂದು ಮಾಡಿದ ಪ್ಲಾಸ್ಟಿಕ್ ಕಪ್ಪೆ ನಮ್ಮ ಕೆರೆಯಲ್ಲೂ ಕೆಲಸ ಮಾಡುವುದು ಈ ಕಾರಣಕ್ಕೇ.

ಆದರೆ ಕಲಿಯುವವರು ಕೊರ್ರಮೀನಿನಿಂದ ಶುರು ಮಾಡಬಾರದು. ರಾಡು, ರೀಲು ಕೂಡಾ ಮೊದಲ ದಿನವೇ ಬೇಡ. ಹತ್ತು ಹನ್ನೆರಡು ಅಡಿಯ ಹಗುರವಾದ ಬಿದಿರಿನ ಕೋಲು, ಅಷ್ಟೇ ಉದ್ದದ ತಂಗೂಸಿ ದಾರ, ಒಂದು ಸಣ್ಣ ಗಾಳ, ಕಡಲೆಕಾಳಿನಷ್ಟು ಸೀಸದ ಗುಂಡು, ಒಂದು ಬೆಂಡು. ಇಷ್ಟು ಸಾಕು. ಬೆಂಡನ್ನು ಅಂಗಡಿಯಿಂದ ತರಬೇಕೆಂದೂ ಇಲ್ಲ. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗಿನ ಬಿಳಿ ಬೆಂಡು ಸಿಗುತ್ತದಲ್ಲ, ಹಿಂದೆ ಮಕ್ಕಳು ಬಂಡಿ, ಎತ್ತು ಮಾಡಿ ಆಡುತ್ತಿದ್ದದ್ದು? ಅದರ ಎರಡು ಅಂಗುಲದ ತುಂಡು ನೀರಿನ ಮೇಲೆ ಚೆನ್ನಾಗಿ ತೇಲುತ್ತದೆ. ನೀರು ಕುಡಿದು ಭಾರವಾದರೆ ಬಿಸಾಡಿ ಇನ್ನೊಂದು ಕಟ್ಟಿದರಾಯಿತು. ಒಟ್ಟು ಖರ್ಚು ಒಂದು ಐಸ್‌ಕ್ರೀಮಿನ ಆಸುಪಾಸು. ತಿಂಗಳೊಪ್ಪತ್ತು ಈ ಕೋಲಿನೊಂದಿಗೆ ಸುಮ್ಮನೆ ಕೂರುವ ತಾಳ್ಮೆ ತೋರಿಸಿದ ಮಗುವಿಗೆ ಮಾತ್ರ ಮುಂದಿನ ಮೆಟ್ಟಿಲು. (ಈ ತಾಳ್ಮೆಯಲ್ಲಿ ಹೆಣ್ಣುಮಕ್ಕಳು ಒಂದು ಕೈ ಮುಂದೆಯೇ. ಮನೆಯವರ ಜೊತೆ ಹೊಲದ ಹೊಂಡದ ಬಳಿ ಹೋದಾಗ ಮಗಳ ಕೈಗೂ ಒಂದು ಕೋಲು ಕೊಡಿ. ಗಾಳ ಗಂಡುಮಕ್ಕಳದ್ದೇ ಎಂದು ಯಾರೂ ಬರೆದಿಟ್ಟಿಲ್ಲ.)

ಗಾಳದ ನಂಬರಿನ ವಿಷಯದಲ್ಲಿ ಅಂಗಡಿಯಲ್ಲಿ ಗೊಂದಲವಾಗುವುದುಂಟು. ನಂಬರು ದೊಡ್ಡದಾದಷ್ಟೂ ಗಾಳ ಸಣ್ಣದು. 12ನೇ ನಂಬರು ಸಣ್ಣದು, 6 ಅದಕ್ಕಿಂತ ದೊಡ್ಡದು, 1 ಇನ್ನೂ ದೊಡ್ಡದು. ಅಲ್ಲಿಂದ ಮುಂದೆ ಲೆಕ್ಕ ತಿರುಗಿ 1/0, 2/0, 3/0 ಎಂದು ಏರುತ್ತದೆ. ಜಿಲೇಬಿ ಮೀನು, ಪುಟ್ಟ ಪುಟ್ಟ ಕೆರೆ ಮೀನುಗಳಿಗೆ 10 ಅಥವಾ 12. ರೋಹು, ಮೃಗಾಲಕ್ಕೆ 6 ಅಥವಾ 8. ಕೊರ್ರಮೀನಿಗೆ 2/0 ಅಥವಾ 3/0. ಯಾವ ಗಾಳವನ್ನೇ ತನ್ನಿ, ಅದರ ತುದಿಯ ಹಿಂದೆ ಇರುವ ಹಿಮ್ಮುಖದ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಸಿ. ಮೀನು ಒಂದೆರಡು ತಪ್ಪಿಸಿಕೊಳ್ಳಬಹುದು. ಆದರೆ ಬಿಡಬೇಕಾದ ಮರಿಯನ್ನು ಗಾಯವಿಲ್ಲದೆ ಬಿಡಬಹುದು. ಮಗನ ಬೆರಳಿಗೆ ಚುಚ್ಚಿಕೊಂಡರೂ ಮಾಂಸ ಹರಿಯದೆ ಈಚೆ ಬರುತ್ತದೆ. ನನ್ನನ್ನು ಕೇಳಿದರೆ ಈ ಇಡೀ ಲೇಖನದಲ್ಲಿ ಇದೊಂದನ್ನು ಪಾಲಿಸಿದರೂ ಸಾಕು ಎನ್ನುತ್ತೇನೆ.

ಇನ್ನು ಎರೆ. ಎರೆಹುಳು ಎಲ್ಲ ಮೀನಿಗೂ ಆಗುತ್ತದೆ. ಹಸಿ ತಿಪ್ಪೆಯ ಪಕ್ಕ ಮಣ್ಣು ಕೆದಕಿದರೆ ಸಿಗುತ್ತದೆ. ಅದನ್ನು ಮುಟ್ಟಲು ಹೇಸಿಗೆಯಾದರೆ ಅಡುಗೆಮನೆಯೇ ಇದೆ. ಗೋಧಿ ಹಿಟ್ಟು, ಸ್ವಲ್ಪ ಕಡಲೆ ಹಿಟ್ಟು, ಪುಡಿ ಮಾಡಿದ ಶೇಂಗಾ ಹಿಂಡಿ, ಚೂರು ಬೆಲ್ಲ ಸೇರಿಸಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಗಾಳದ ಮೇಲೆ ಗೋಲಿಯಷ್ಟು ಉಂಡೆ ಕೂರಬೇಕು, ನೀರಿಗೆ ಬಿದ್ದೊಡನೆ ಕರಗಬಾರದು. ಗಂಗಾವತಿಯವರಿಗಂತೂ ಅಕ್ಕಿ ಗಿರಣಿಯ ತೌಡು ಮನೆ ಬಾಗಿಲಲ್ಲೇ ಇದೆ. ಮೀನು ಸಾಕುವವರು ತೌಡು, ಹಿಂಡಿಯನ್ನೇ ಆಹಾರವಾಗಿ ಹಾಕುವುದರಿಂದ ಆ ವಾಸನೆ ಕೆರೆಯ ಮೀನಿಗೆ ಪರಿಚಿತ. ಒಂದು ಹಿಡಿ ತೌಡನ್ನು ನೀರಿನಲ್ಲಿ ಕಲಸಿ ಗಾಳ ಬಿಡುವ ಜಾಗದಲ್ಲಿ ಮೊದಲೇ ಎಸೆದು ಅರ್ಧ ಗಂಟೆ ಸುಮ್ಮನಿದ್ದರೆ ಮೀನು ತಾನಾಗಿಯೇ ಕೂಡುತ್ತದೆ.

ಬೆಂಡಿನಿಂದ ಗಾಳಕ್ಕೆ ಎಷ್ಟು ದಾರ ಬಿಡಬೇಕು? ಇದು ಮೀನಿನ ಊಟದ ಪಂಕ್ತಿಯನ್ನು ಅವಲಂಬಿಸಿದೆ. ಕಟ್ಲಾ ನೀರಿನ ಮೇಲ್ಭಾಗದಲ್ಲಿ ತಿನ್ನುತ್ತದೆ. ಅದರ ಬಾಯಿ ಮೇಲ್ಮುಖವಾಗಿರುವುದನ್ನು ಗಮನಿಸಿ. ರೋಹು ನಡುಮಟ್ಟದಲ್ಲಿ. ಮೃಗಾಲ ತಳದಲ್ಲಿ, ಅದರ ಬಾಯಿ ಕೆಳಮುಖ. ಒಂದೇ ಕೆರೆಯಲ್ಲಿ ಮೂರನ್ನೂ ಒಟ್ಟಿಗೆ ಸಾಕುವುದು ಇದಕ್ಕಾಗಿಯೇ, ಒಂದರ ಊಟಕ್ಕೆ ಇನ್ನೊಂದು ಅಡ್ಡಬರುವುದಿಲ್ಲ. ಮುಂದಿನ ಸಲ ಮಾರುಕಟ್ಟೆಯಲ್ಲಿ ಮೀನು ಕೊಳ್ಳುವಾಗ ಮಕ್ಕಳಿಗೆ ಈ ಬಾಯಿಗಳನ್ನು ತೋರಿಸಿ. ವಿಜ್ಞಾನದ ಪಾಠಕ್ಕಿಂತ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ.

ಮಗ ಹೈಸ್ಕೂಲು ದಾಟಿದ್ದಾನೆ, ಬಿದಿರಿನ ಕೋಲಿನಲ್ಲಿ ಕೈ ಪಳಗಿದೆ, ಈಗ ರಾಡು ಬೇಕೇ ಬೇಕು ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ಆರೂವರೆಯಿಂದ ಏಳು ಅಡಿಯ, 'ಮೀಡಿಯಂ' ಅಥವಾ 'ಮೀಡಿಯಂ ಹೆವಿ' ಎಂದು ಬರೆದಿರುವ ಫೈಬರ್‌ಗ್ಲಾಸ್ ರಾಡು ಸಾಕು. ಅದಕ್ಕೆ 3000 ಅಳತೆಯ ಸಾದಾ ಸ್ಪಿನ್ನಿಂಗ್ ರೀಲು. ಎರಡೂ ಸೇರಿ ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ಮುಗಿಯಬೇಕು. ಹತ್ತು ಸಾವಿರದ ರಾಡಿಗೆ ಹೆಚ್ಚು ಮೀನು ಬೀಳುತ್ತದೆಂಬುದು ಮಾರುವವರ ಮಾತು, ಮೀನಿಗೆ ಬೆಲೆ ಚೀಟಿ ಓದಲು ಬರುವುದಿಲ್ಲ. ತೀರಾ ಅಗ್ಗದ, ಟಿವಿ ಆಂಟೆನಾದಂತೆ ಒಂದರೊಳಗೊಂದು ಸೇರುವ ರಾಡುಗಳು ಮಾತ್ರ ಬೇಡ. ಅವುಗಳ ಕೀಲು ಬೇಗ ಹಾಳಾಗುತ್ತದೆ. ಎರಡು ತುಂಡಿನದ್ದು ಒಳ್ಳೆಯದು.

ದಾರದಲ್ಲಿ ಮಾತ್ರ ಜಿಪುಣತನ ತೋರಿಸಬೇಡಿ. ರೋಹು, ಕಟ್ಲಾಕ್ಕೆ 0.30 ಮಿಲಿಮೀಟರಿನ ನೈಲಾನ್ ದಾರ ನಡೆಯುತ್ತದೆ. ಅದು ಸ್ವಲ್ಪ ಹಿಗ್ಗುವುದರಿಂದ ಮೀನಿನ ಎಳೆತವನ್ನು ತಾಳಿಕೊಳ್ಳುತ್ತದೆ. ಕೊರ್ರಮೀನು ಗಾಳ ಕಚ್ಚಿದೊಡನೆ ಜೊಂಡಿನೊಳಗೆ ನುಗ್ಗುತ್ತದೆ. ಅದಕ್ಕೆ ಹಿಗ್ಗದ, ಹೆಣೆದ ದಾರವೇ ಬೇಕು. 30 ಪೌಂಡಿನದ್ದು, ಎಂದರೆ ಸುಮಾರು 13 ಕಿಲೋ ಭಾರ ತಡೆಯುವಂಥದ್ದು. ಹೆಣೆದ ದಾರ ಬೆರಳಿಗೆ ಸುತ್ತಿಕೊಂಡರೆ ಬ್ಲೇಡಿನಂತೆ ಕೊಯ್ಯುತ್ತದೆ, ಕೈಗೆ ಸುತ್ತಿ ಎಳೆಯಬಾರದೆಂದು ಮೊದಲೇ ಹೇಳಿ. ರೀಲಿನ ಮೇಲೆ 'ಡ್ರ್ಯಾಗ್' ಎಂಬ ತಿರುಪು ಇರುತ್ತದೆ. ದೊಡ್ಡ ಮೀನು ಜಗ್ಗಿದಾಗ ದಾರ ತುಂಡಾಗುವ ಬದಲು ಬಿಟ್ಟುಕೊಡುವಂತೆ ಮಾಡುವುದು ಅದರ ಕೆಲಸ. ದಾರ ತಡೆಯುವ ಭಾರದ ಕಾಲು ಭಾಗಕ್ಕೆ ಅದು ಸರಿಯಬೇಕು. ಗ್ಯಾಸ್ ಸಿಲಿಂಡರ್, ರದ್ದಿ ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಇದೆಯಲ್ಲ, ಅದಕ್ಕೆ ದಾರದ ತುದಿ ಕಟ್ಟಿ ಎಳೆದು ನೋಡಿ. ಮುಳ್ಳು ಮೂರು ಕಿಲೋ ತೋರಿಸುವಾಗ ದಾರ ಕರಕರನೆ ಹೊರಬಂದರೆ ಲೆಕ್ಕ ಸರಿಯಾಗಿದೆ.

ಈಗ ಆ ಪ್ಲಾಸ್ಟಿಕ್ ಕಪ್ಪೆ. ಒಳಗೆ ಪೊಳ್ಳಾಗಿರುವ ಮೆತ್ತನೆಯ ಕಪ್ಪೆ, ಅದರ ಬೆನ್ನಿಗೆ ಒತ್ತಿಕೊಂಡು ಮೇಲ್ಮುಖವಾಗಿ ಎರಡು ಗಾಳ. ಗಾಳದ ಮೊನೆ ಬೆನ್ನಿನ ಮೇಲಿರುವುದರಿಂದ ಎಲೆ, ಬೇರಿಗೆ ಸಿಕ್ಕಿಕೊಳ್ಳದು. ಮೀನು ಕಚ್ಚಿದಾಗ ಕಪ್ಪೆ ಅಮುಕಿ ಮೊನೆ ಹೊರಬರುತ್ತದೆ. ಜೊಂಡಿನ ಆಚೆಗೆ ಎಸೆದು, ಎಲೆಗಳ ಮೇಲೆ ನಿಧಾನವಾಗಿ ಕುಪ್ಪಳಿಸುತ್ತಾ ತಂದು, ಎಲೆಗಳ ನಡುವೆ ನೀರು ಕಾಣುವ ತೂತು ಬಂದಲ್ಲಿ ಐದಾರು ಸೆಕೆಂಡು ನಿಲ್ಲಿಸಬೇಕು. ಸಾಮಾನ್ಯವಾಗಿ ಏಟು ಬೀಳುವುದು ಅಲ್ಲಿಯೇ. ನೀರು ಚಪ್ಪೆಂದು ಸಿಡಿಯುತ್ತದೆ, ಹುಡುಗ ಬೆಚ್ಚಿ ತಕ್ಷಣ ಎಳೆಯುತ್ತಾನೆ, ಕಪ್ಪೆ ಬರಿದೇ ಹಾರಿ ಬರುತ್ತದೆ. ಕೊರ್ರಮೀನು ಮೊದಲು ಹಿಡಿದು, ಆಮೇಲೆ ಬಾಯೊಳಗೆ ತಿರುಗಿಸಿಕೊಳ್ಳುತ್ತದೆ. ಏಟು ಬಿದ್ದ ಮೇಲೆ ಬಿಸ್ಮಿಲ್ಲಾಹ್ ಎಂದು ಹೇಳಿ ಮುಗಿಸುವಷ್ಟು ಹೊತ್ತು ತಡೆದು, ದಾರ ಬಿಗಿಯಾದ ಮೇಲೆ ರಾಡನ್ನು ಜೋರಾಗಿ ಮೇಲೆತ್ತಬೇಕು.

ಪ್ಲಾಸ್ಟಿಕ್ ಕಪ್ಪೆಯ ಬಗ್ಗೆ ಇಷ್ಟು ಹೇಳುವುದಕ್ಕೆ ಬೇರೊಂದು ಕಾರಣವೂ ಇದೆ. ಕೊರ್ರಮೀನಿಗೆ ಜೀವಂತ ಕಪ್ಪೆಯನ್ನೇ ಗಾಳಕ್ಕೆ ಚುಚ್ಚಿ ನೀರಿಗೆ ಬಿಡುವ ರೂಢಿ ಅನೇಕ ಕಡೆ ಇದೆ. ಅದು ಗಂಟೆಗಟ್ಟಲೆ ಒದ್ದಾಡುತ್ತಿರುತ್ತದೆ, ಆ ಒದ್ದಾಟವೇ ಮೀನನ್ನು ಕರೆಯುವುದು. ವೈದ್ಯರೊಬ್ಬರು ಔಷಧಿಗೆ ಕಪ್ಪೆಯನ್ನು ಬಳಸುವ ಕುರಿತು ಕೇಳಿದಾಗ ಪ್ರವಾದಿವರ್ಯರು(ಸ) ಅದನ್ನು ಕೊಲ್ಲುವುದನ್ನು ತಡೆದರೆಂದು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ವರದಿಯಾಗಿದೆ. ಜೀವವಿರುವ ಯಾವುದನ್ನೂ ಗುರಿಯಾಗಿ ಕಟ್ಟಿ ಹೊಡೆಯಬಾರದೆಂಬ ಹದೀಸ್ ಕೂಡಾ ನಿಮಗೆ ಗೊತ್ತಿದೆ. ಔಷಧಿಗೇ ಬೇಡವೆಂದ ಮೇಲೆ ಆಟಕ್ಕೆ ಹೇಗೆ ಸರಿಯಾದೀತು? ಇನ್ನು ಲೋಕದ ಲೆಕ್ಕ ನೋಡಿದರೂ, ಗದ್ದೆಯ ಕೀಟಗಳನ್ನು ತಿನ್ನುವ ಕಪ್ಪೆಗಳು ಕಡಿಮೆಯಾದವೆಂದೇ 1987ರಲ್ಲಿ ಭಾರತ ಸರಕಾರ ಕಪ್ಪೆ ಕಾಲಿನ ರಫ್ತನ್ನು ನಿಲ್ಲಿಸಿತು. ಭತ್ತ ಬೆಳೆಯುವ ಗಂಗಾವತಿಯ ರೈತ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೂರು ರೂಪಾಯಿಯ ಪ್ಲಾಸ್ಟಿಕ್ ಕಪ್ಪೆ ಒಂದು ಋತುವಿಡೀ ಬಾಳುತ್ತದೆ. ಜೀವಂತ ಕಪ್ಪೆಯ ಗಾಳ ನಿಮ್ಮ ಮನೆಯಲ್ಲಿ ಕಂಡರೆ ಅದನ್ನು ಮುಲಾಜಿಲ್ಲದೆ ನಿಲ್ಲಿಸಿ.

ವಿಡಿಯೋಗಳಲ್ಲಿ ಮೀನು ಹಿಡಿದು, ಫೋಟೋ ತೆಗೆದು, ಬಿಟ್ಟುಬಿಡುವುದನ್ನು ದೊಡ್ಡ ದಯೆಯಂತೆ ತೋರಿಸುತ್ತಾರೆ. ತಿನ್ನುವ ಉದ್ದೇಶವೇ ಇಲ್ಲದೆ ದಿನಕ್ಕೆ ಇಪ್ಪತ್ತು ಮೀನಿನ ಬಾಯಿಗೆ ಕೊಕ್ಕೆ ಹಾಕಿ ಬಿಡುವುದು ನನಗೇನೋ ದಯೆಯಾಗಿ ಕಾಣುವುದಿಲ್ಲ. ಮನೆಗೆ ಬೇಕಾದಷ್ಟು ಹಿಡಿಯಲಿ, ಸಾಕಾದೊಡನೆ ಗಾಳ ಸುತ್ತಲಿ. ಅಕಸ್ಮಾತ್ ಮರಿ ಸಿಕ್ಕಿದರೆ ಬಿಡಬೇಕು; ಅದೂ ಒಣಗೈಯಿಂದ ಮುಟ್ಟಿದರೆ ಮೈಮೇಲಿನ ಲೋಳೆ ಕಿತ್ತು ರೋಗ ತಗಲುತ್ತದೆ, ಕೈ ಒದ್ದೆ ಮಾಡಿಕೊಂಡೇ ಹಿಡಿಯಬೇಕು.

ಮಳೆಗಾಲದಲ್ಲಿ ಕೊರ್ರಮೀನು ಮರಿ ಮಾಡುತ್ತದೆ. ಕೆರೆಯಂಚಿನ ನೀರಿನಲ್ಲಿ ಕೆಂಪು ಕಿತ್ತಳೆ ಬಣ್ಣದ ಚುಕ್ಕಿಗಳ ಗುಂಪೊಂದು ಚೆಂಡಿನಂತೆ ಮೇಲೇಳುತ್ತಾ ಮುಳುಗುತ್ತಾ ಸಾಗುವುದನ್ನು ಕಂಡರೆ, ಅದು ಮರಿಗಳ ಹಿಂಡು. ಅದರ ಕೆಳಗೇ ತಂದೆ ತಾಯಿ ಎರಡೂ ಕಾವಲಿರುತ್ತವೆ. ಆ ಗುಂಪಿನ ಮೇಲೆ ಏನೇ ಬಿದ್ದರೂ ಹಸಿವಿಲ್ಲದಿದ್ದರೂ ಎರಗುತ್ತವೆ. ಹಾಗಾಗಿ ಮೀನು ಹಿಡಿಯಲು ಇದಕ್ಕಿಂತ ಸುಲಭದ ಸಮಯ ಬೇರಿಲ್ಲ, ಇದಕ್ಕಿಂತ ಕೆಟ್ಟ ಸಮಯವೂ ಬೇರಿಲ್ಲ. ಕಾವಲು ಹೋದರೆ ಉಳಿದ ಮೀನುಗಳು ಆ ಮರಿಗಳನ್ನು ಬೇಗನೆ ತಿಂದು ಮುಗಿಸುತ್ತವೆ. ಪ್ರಯಾಣದಲ್ಲಿ ಸಹಾಬಿಗಳು ಹಕ್ಕಿಯ ಮರಿಗಳನ್ನು ಎತ್ತಿಕೊಂಡಾಗ ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಸುಳಿದಾಡಿದ್ದನ್ನು ಕಂಡು, ಮರಿಗಳನ್ನು ಅದಕ್ಕೆ ಮರಳಿಸಿರೆಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದ ಘಟನೆಯನ್ನು ಮಕ್ಕಳಿಗೆ ಹೇಳಲು ಕೆರೆಯ ದಡಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು?

ಈ ನೀರು ಯಾರದು ಎಂಬ ಪ್ರಶ್ನೆ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಕೆರೆ ಊರಿನದ್ದು ಎಂದುಕೊಳ್ಳುತ್ತೇವೆ. ಆದರೆ ಬಹಳಷ್ಟು ಕೆರೆಗಳ ಮೀನು ಗುತ್ತಿಗೆಯಾಗಿರುತ್ತದೆ. ಮೀನುಗಾರರ ಸಹಕಾರ ಸಂಘದವರೋ ಟೆಂಡರು ಹಿಡಿದವರೋ ಸ್ವಂತ ಹಣ ಹಾಕಿ ಮರಿ ಬಿಟ್ಟು, ತಿಂಗಳುಗಟ್ಟಲೆ ಕಾದಿರುತ್ತಾರೆ. ಅಲ್ಲಿ ಕೇಳದೆ ಹಿಡಿದ ಮೀನು ಇನ್ನೊಬ್ಬರ ಹೊಲದಲ್ಲಿ ಕೇಳದೆ ಕಿತ್ತ ಶೇಂಗಾದಂತೆಯೇ. ಮೀನು ಹಲಾಲ್, ಹಿಡಿದ ರೀತಿ ಹಲಾಲ್ ಅಲ್ಲ. ಗ್ರಾಮ ಪಂಚಾಯತಿಯಲ್ಲೋ ತಾಲೂಕಿನ ಮೀನುಗಾರಿಕೆ ಇಲಾಖೆಯಲ್ಲೋ ವಿಚಾರಿಸಿ. ಗುತ್ತಿಗೆದಾರರನ್ನು ಕಂಡು ಸಲಾಮು, ನಮಸ್ಕಾರ ಹೇಳಿ ಕೇಳಿದರೆ, ಮಕ್ಕಳು ಒಂದು ಗಾಳ ಹಾಕುವುದಕ್ಕೆ ಬೇಡವೆನ್ನುವವರು ಕಡಿಮೆ. ಕುಷ್ಟಗಿಯ ನಿಡಶೇಸಿ ಕೆರೆ, ಯಲಬುರ್ಗಾ ಕಡೆಯ ತಲ್ಲೂರು ಕೆರೆ ಮೊದಲಾದವು ಹೂಳು ತುಂಬಿ ಒಣಗಿದ್ದು, ಜನರ ಶ್ರಮ ಮತ್ತು ದೇಣಿಗೆಯಿಂದ ಮತ್ತೆ ನೀರು ಕಂಡದ್ದು ನಿಮಗೆ ನೆನಪಿರಬಹುದು. ಅಂಥ ನೀರಿಗೆ ಬ್ಲೀಚಿಂಗ್ ಪೌಡರು ಸುರಿಯುವವರನ್ನು, ತೋಟೆ ಸಿಡಿಸುವವರನ್ನು ಏನೆನ್ನಬೇಕೋ ತಿಳಿಯದು. ವಿಷ ಮತ್ತು ಸಿಡಿಮದ್ದಿನಿಂದ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಹೇಳಿದೆ.

ನದಿಯ ವಿಷಯದಲ್ಲಿ ಇನ್ನೊಂದು ಎಚ್ಚರ. ಕೊಪ್ಪಳ ತಾಲೂಕಿನ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಭಾಗವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರಕಾರ ಘೋಷಿಸಿತು. ದೇಶದಲ್ಲಿ ನೀರುನಾಯಿಗಾಗಿ ಹೀಗೆ ಮೀಸಲಿಟ್ಟ ಮೊದಲ ಜಾಗ ಇದು. ಆನೆಗೊಂದಿ, ಸಾಣಾಪುರದ ಬಂಡೆಗಳ ನಡುವೆ ರಾಡು ಹಿಡಿದು ಹೊರಟ ಹುಡುಗನಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಗಾಳ ಹಾಕುವಂತಿಲ್ಲ ಎಂದು ತಿಳಿಸಿ. ಆ ಭಾಗದಲ್ಲಿ ಮೊಸಳೆಗಳೂ ಇವೆ.

ಇನ್ನು ತಾಯಂದಿರ ನಿದ್ದೆಗೆಡಿಸುವ ವಿಷಯಕ್ಕೆ ಬರೋಣ. ಗಾಳದಿಂದ ಯಾರೂ ಸಾಯುವುದಿಲ್ಲ. ಸಾಯುವುದು ನೀರಿನಿಂದ. ಯಲಬುರ್ಗಾ, ಕುಷ್ಟಗಿಯ ಒಣಭೂಮಿಯಲ್ಲಿ ಹೊಳೆಯಿಲ್ಲ, ನಮಗೇನು ಭಯ ಎಂದುಕೊಳ್ಳಬೇಡಿ. 2014ರ ಸುಮಾರಿಗೆ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಹೊಲಹೊಲದಲ್ಲಿ ಕೃಷಿಹೊಂಡಗಳಾಗಿವೆ. ಬೆಳೆಗೆ ಅವು ದೊಡ್ಡ ಆಸರೆ, ನಿಜ. ಆದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಇಳಿಜಾರು ಒದ್ದೆಯಾದಾಗ ಎಣ್ಣೆ ಹಚ್ಚಿದ ಹಂಚಿನಂತೆ. ಜಾರಿದ ಮಗು ಕೈಯಿಂದ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇರುವುದಿಲ್ಲ. ಈಜು ಬಲ್ಲ ದೊಡ್ಡವರೂ ಮೇಲೆ ಬರಲಾಗದೆ ಸೋಲುತ್ತಾರೆ. ನಿಮ್ಮ ಹೊಲದಲ್ಲಿ ಹೊಂಡವಿದ್ದರೆ ಮನೆಯವರಿಗೆ ಹೇಳಿ ಎರಡು ಕಡೆ ದಪ್ಪ ಹಗ್ಗವನ್ನು ಗೂಟಕ್ಕೆ ಕಟ್ಟಿ, ಒಂದೊಂದು ಅಡಿಗೆ ಗಂಟು ಹಾಕಿಸಿ, ತುದಿ ನೀರಿನಲ್ಲಿರುವಂತೆ ಬಿಡಿಸಿ. ಹಳೆಯ ಟೈರುಗಳನ್ನು ಸಾಲಾಗಿ ಕಟ್ಟಿ ಇಳಿಬಿಟ್ಟರೂ ಆಯಿತು. ಸುತ್ತ ಬೇಲಿ ಇರಲಿ. ಮಗ ಈ ಸಲ ಗಾಳ ಮುಟ್ಟುವುದೇ ಇಲ್ಲ ಎಂದರೂ ಈ ಹಗ್ಗ ಮಾತ್ರ ಹಾಕಿಸಿ.

ಕೊಪ್ಪಳ, ಗಂಗಾವತಿ ಕಡೆಯವರಿಗೆ ಎಡದಂಡೆ ಕಾಲುವೆಯ ಭಯ. ಸಿಮೆಂಟಿನ ಇಳಿಜಾರಿನ ಮೇಲೆ ಪಾಚಿ, ಕೆಳಗೆ ಮೇಲ್ನೋಟಕ್ಕೆ ಶಾಂತವಾಗಿ ಕಾಣುವ ವೇಗದ ನೀರು. ಕಾಲುವೆಗೆ ನೀರು ಬಿಟ್ಟಿರುವ ದಿನಗಳಲ್ಲಿ ಅದರ ಅಂಚಿನಲ್ಲಿ ಗಾಳ ಹಾಕುವುದು ಬೇಡವೇ ಬೇಡ. ನೀರು ನಿಂತಾಗ ಗುಂಡಿಗಳಲ್ಲಿ ಉಳಿದ ಮೀನಿಗಾಗಿ ಹುಡುಗರು ಒಳಗೆ ಇಳಿಯುತ್ತಾರೆ. ಅದೂ ಒಬ್ಬೊಬ್ಬರೇ ಹೋಗುವ ಜಾಗವಲ್ಲ. ನದಿಯಂತೂ ಅಣೆಕಟ್ಟೆಯ ಕೈಯಲ್ಲಿದೆ. ನಮ್ಮೂರಲ್ಲಿ ಒಂದು ಹನಿ ಮಳೆಯಿಲ್ಲದಿದ್ದರೂ ಮಲೆನಾಡಿನ ಮಳೆಗೆ ಇಲ್ಲಿ ಹೊಳೆ ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ ಎಷ್ಟು ಬೇಗ ನದಿಯ ಚಹರೆ ಬದಲಾಯಿತೆಂದು ದಂಡೆಯ ಊರಿನವರು ಕಣ್ಣಾರೆ ಕಂಡಿದ್ದಾರೆ. 2025ರ ಫೆಬ್ರವರಿಯಲ್ಲಿ ಸಾಣಾಪುರದ ಬಳಿ ಬಂಡೆಯಿಂದ ನೀರಿಗೆ ಹಾರಿದ ಹೈದರಾಬಾದಿನ ಯುವ ವೈದ್ಯೆ ಮರಳಿ ಬರಲಿಲ್ಲ. ಅದು ಮಳೆಗಾಲವೂ ಅಲ್ಲ. ಬಂಡೆಗಳ ಸಂದಿಯಲ್ಲಿ ನೀರಿನ ಸೆಳೆತ ಮೇಲಿಂದ ಕಾಣಿಸುವುದಿಲ್ಲ.

ಹಾಗಾದರೆ ಕಳುಹಿಸುವುದೆಲ್ಲಿಗೆ? ದಡ ಸಮತಟ್ಟಾಗಿರುವ, ಅಂಚಿನಲ್ಲಿ ಮೊಣಕಾಲುದ್ದ ನೀರಿರುವ ಊರ ಕೆರೆಗೆ, ಒಬ್ಬ ದೊಡ್ಡವರ ಜೊತೆ. ಅಬ್ಬಾ ದುಬೈಯಲ್ಲಿದ್ದರೆ, ಲಾರಿ ಮೇಲೆ ಹೋಗಿದ್ದರೆ ಮಾಮು ಇಲ್ಲವೇ ಚಾಚಾ. ಫಜ್ರ್ ನಮಾಝ್ ಮುಗಿಸಿ ಹೊರಟರೆ ಮೀನು ಮೇಯುವ ಹೊತ್ತಿಗೆ ಸರಿಯಾಗಿ ತಲುಪುತ್ತಾರೆ, ಬಿಸಿಲೇರುವ ಮುನ್ನ ಮನೆಗೆ ಬರುತ್ತಾರೆ. ಸಂಜೆಯಾದರೆ ಅಸ್ರ್ ನಂತರ ಹೋಗಿ ಮಗ್ರಿಬ್‌ಗೆ ಮುಂಚೆ ಮರಳಬೇಕು. ನಮ್ಮ ನಮಾಝಿನ ವೇಳೆಗಳೂ ಮೀನಿನ ಊಟದ ವೇಳೆಗಳೂ ಇಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತವೆ. ಜೊತೆಗೆ ಮುಚ್ಚಳ ಬಿಗಿಯಾಗಿ ಹಾಕಿದ 5 ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಮೂವತ್ತು ಅಡಿ ಹಗ್ಗ ಕಟ್ಟಿ ಕೊಡಿ. ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಹಾರಬಾರದು, ಆ ಕ್ಯಾನು ಎಸೆಯಬೇಕು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ತುರ್ತು ಕರೆಗೆ 112 ಎಂಬುದು ಚಿಕ್ಕವರಿಗೂ ಬಾಯಿಪಾಠವಾಗಿರಲಿ.

ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆಂಬುದು ಬಹಳ ಜನಕ್ಕೆ ತಿಳಿದಿಲ್ಲ. ಪಂಪ್‌ಸೆಟ್ಟಿನ ತಂತಿಗಳು ಜೋತುಬಿದ್ದಿರುವ ಕೆರೆದಂಡೆಯಲ್ಲಿ ರಾಡು ಎತ್ತಿ ಬೀಸುವುದು ಅಪಾಯ. ಒದ್ದೆ ಬಿದಿರೂ ಅಷ್ಟೇ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಕೇಳಿಸಿದ ಕ್ಷಣವೇ ಗಾಳ ಸುತ್ತಿ ಹೊರಡಬೇಕು. ಬಯಲಿನಲ್ಲಿ ಎತ್ತರದ ಕೋಲು ಹಿಡಿದು ನಿಂತವನೇ ಸಿಡಿಲಿಗೆ ಮೊದಲ ಗುರಿ.

ಗಾಳ ಚರ್ಮದೊಳಗೆ ಆಳವಾಗಿ ಹೋದರೆ ಎಳೆದಾಡಬೇಡಿ, ದಾರ ಕತ್ತರಿಸಿ ಆಸ್ಪತ್ರೆಗೆ ಕರೆದೊಯ್ದು ತೆಗೆಸಿ, ಟಿ.ಟಿ. ಚುಚ್ಚುಮದ್ದು ಕೇಳಿ. ಕಣ್ಣಿನ ಬಳಿಯಾದರೆ ಮುಟ್ಟಲೇಬೇಡಿ. ಚೇಳು ಮೀನಿನ ಮುಳ್ಳು ಚುಚ್ಚಿದರೆ ಹೆಸರಿಗೆ ತಕ್ಕಂತೆ ಉರಿ ಕಿತ್ತು ತಿನ್ನುತ್ತದೆ. ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಮುಳುಗಿಸಿಟ್ಟರೆ ನೋವು ಇಳಿಯುತ್ತದೆ, ಆ ವಿಷ ಬಿಸಿಗೆ ಮುರಿಯುವಂಥದ್ದು. ನೀರನ್ನು ಮೊದಲು ನಿಮ್ಮ ಮೊಣಕೈಯಿಂದ ನೋಡಿ. ನೋವಿನಲ್ಲಿರುವ ಮಗುವಿಗೆ ಬಿಸಿಯ ಅಂದಾಜು ಆಗುವುದಿಲ್ಲ.

ಕೊನೆಗೆ ಮೀನು ನಿಮ್ಮ ಅಡುಗೆಮನೆಗೆ ಬಂತು. ನೀರಿನ ಬೇಟೆ ನಿಮಗೆ ಧರ್ಮಬದ್ಧವೆಂದು ಅಲ್‌ಮಾಇದಃ ಅಧ್ಯಾಯದ 96ನೆಯ ಸೂಕ್ತದಲ್ಲಿದೆ. ಮೀನಿಗೆ ಝಬಹ್ ಬೇಕಿಲ್ಲ. ಹಿಡಿದು ದಡಕ್ಕೆ ತಂದ ಮೇಲೆ ಸತ್ತರೂ ಹಲಾಲ್. ಆದರೆ ತಾನಾಗಿಯೇ ಸತ್ತು ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನನ್ನು ಹನಫಿ ವಿದ್ವಾಂಸರು ತಿನ್ನಬಾರದೆನ್ನುತ್ತಾರೆ, ನಮ್ಮ ಕಡೆಯವರು ಬಹುತೇಕ ಹನಫಿಗಳೇ. ಕರಾವಳಿಯ ಶಾಫಿಈಗಳಲ್ಲಿ ಬೇರೆ ಅಭಿಪ್ರಾಯವಿದೆ. ಬಿಸಿಲಲ್ಲಿ ತೇಲಿದ ಮೀನು ಆರೋಗ್ಯಕ್ಕೂ ಒಳ್ಳೆಯದಲ್ಲ, ಹುಡುಗ ಆಯ್ದು ತಂದರೆ ಒಲೆಗೇರಿಸಬೇಡಿ.

ಝಬಹ್ ಬೇಡವೆಂದರೆ ಹೇಗೆ ಬೇಕಾದರೂ ಮಾಡಬಹುದೆಂದಲ್ಲ. ಕೊರ್ರಮೀನು ಮನೆಗೆ ಬರುವಾಗಲೂ ಜೀವಂತವಾಗಿರುತ್ತದೆ. ಎಷ್ಟೋ ಮನೆಗಳಲ್ಲಿ ಒದ್ದಾಡುತ್ತಿರುವಾಗಲೇ ಬೂದಿ ಹಾಕಿ ಉಜ್ಜುತ್ತಾರೆ, ಹುರುಪೆ ತೆಗೆಯುತ್ತಾರೆ, ಕೈ ಜಾರಿ ಬೆರಳನ್ನೂ ಕುಯ್ದುಕೊಳ್ಳುತ್ತಾರೆ. ಪ್ರಾಣ ತೆಗೆಯುವಾಗಲೂ ಒಳಿತಿನ ರೀತಿಯಲ್ಲಿ ತೆಗೆಯಿರೆಂದು ಕಲಿಸಿದವರ ಉಮ್ಮತ್ತು ನಾವು. ಮೀನನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ, ತಲೆ ಮಾತ್ರ ಹೊರಗಿಟ್ಟು, ಕಣ್ಣಿನ ಹಿಂದೆ ನಡುನೆತ್ತಿಗೆ ಕುಟ್ಟಾಣಿಯಿಂದ ಒಂದು ಬಲವಾದ ಏಟು ಹಾಕಿ. ಮೈ ಒಮ್ಮೆ ನಡುಗಿ ಸಡಿಲವಾಗುತ್ತದೆ. ಕಿವಿರು ಆಡುವುದು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಆಮೇಲೆ ಬೂದಿ ಅಥವಾ ದಪ್ಪ ಉಪ್ಪು ಹಾಕಿ ಲೋಳೆ ಉಜ್ಜಿ, ಬಾಲದಿಂದ ತಲೆಯ ಕಡೆಗೆ ಹುರುಪೆ ಕೆರೆಯಿರಿ. ಮೊದಲ ಮೀನಾದರೆ ಹಿಡಿದವನನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ, ಏಟು ಹಾಕುವುದನ್ನೂ ಕೆರೆಯುವುದನ್ನೂ ಅವನೇ ಕಲಿಯಲಿ. ಕೆರೆ ಮೀನಿಗೆ ಮಣ್ಣಿನ ವಾಸನೆ ಇದ್ದೇ ಇರುತ್ತದೆ. ಹುಣಸೆ ನೀರು, ಉಪ್ಪು, ಅರಿಶಿನದಲ್ಲಿ ಕಾಲು ಗಂಟೆ ನೆನೆಸಿ ತೊಳೆದರೆ ಹೋಗುತ್ತದೆ. ಕೊರ್ರಮೀನಿಗೆ ಸಣ್ಣ ಮುಳ್ಳು ಕಡಿಮೆಯಾದ್ದರಿಂದ ಮನೆಯ ಹಿರಿಯರಿಗೂ ಎಳೆ ಮಕ್ಕಳಿಗೂ ಧೈರ್ಯವಾಗಿ ಬಡಿಸಬಹುದು. ಖಾರಕ್ಕೆ ಬ್ಯಾಡಗಿ, ಜೊತೆಗೆ ಬಿಸಿ ಜೋಳದ ರೊಟ್ಟಿ.

ಕೈ ತೊಳೆಯುವ ಮುನ್ನ ಗಾಳಗಳನ್ನು ಎಣಿಸಿಸಿ. ಹೋಗುವಾಗ ಎಷ್ಟಿದ್ದವೋ ಬರುವಾಗಲೂ ಅಷ್ಟೇ ಇರಬೇಕು. ಅಂಗಳದಲ್ಲಿ ಬಿದ್ದ ಗಾಳವನ್ನು ಕೋಳಿ ನುಂಗುತ್ತದೆ, ಅಂಬೆಗಾಲಿಡುವ ಮಗುವಿನ ಅಂಗೈಗೆ ಚುಚ್ಚುತ್ತದೆ. ಹರಿದ ದಾರವನ್ನು ಕೆರೆದಂಡೆಯಲ್ಲಿ ಬಿಟ್ಟುಬಂದಿದ್ದರೆ ಮರುದಿನ ಹೋಗಿ ತರಲಿ, ಬೆಳ್ಳಕ್ಕಿಗಳ ಕಾಲಿಗೆ ಸುತ್ತಿಕೊಳ್ಳುವುದು ಅದೇ. ಗಾಳಗಳನ್ನು ಒಣಗಿಸಿ, ಒಂದು ಹನಿ ಎಣ್ಣೆ ಸವರಿ, ಮುಚ್ಚಳವಿರುವ ಹಳೆಯ ಮಾತ್ರೆ ಡಬ್ಬಿಗೆ ಹಾಕಿ ಅಟ್ಟದ ಮೇಲೆ ಇಡಿಸಿ.